ಪಕ್ಷ ನಮ್ಮದೇ, ಅಭ್ಯರ್ಥಿ ಒಪ್ಪಿಗೆಯಿಲ್ಲ: ಅಫಜಲಪುರ, ಆಳಂದ, ಜೇವರ್ಗಿಯ ಮತದಾರನ ಇಕ್ಕಟ್ಟು

2023ರ ಮೇ 10ರಂದು ವಿಧಾನಸಭೆ ಚುನಾವಣೆಗೆ ಮತ ಹಾಕಿ ಬಂದ ಮೇಲೆ ನಮ್ಮ ಮನೆಯಲ್ಲಿ ಎರಡು ದಿನ ಸರಿಯಾದ ಮಾತುಕತೆ ಇರಲಿಲ್ಲ. ನಮ್ಮದು ಅಫಜಲಪುರ ಕ್ಷೇತ್ರ. ನಾನು ಯಾವಾಗಿನಂತೆ ಕಮಲದ ಗುಂಡಿ ಒತ್ತಿದ್ದೆ. ಮಗ ಪಕ್ಷೇತರರಾಗಿ ನಿಂತಿದ್ದ ನಿತಿನ್ ಗುತ್ತೇದಾರರಿಗೆ ಹಾಕಿದ್ದ. ಇಬ್ಬರೂ ಬಿಜೆಪಿಯವರೇ. ಇಬ್ಬರಿಗೂ ಪಕ್ಷದ ಮೇಲೆ ಸಿಟ್ಟಿರಲಿಲ್ಲ, ಜಗಳ ಇದ್ದದ್ದು ಅಭ್ಯರ್ಥಿಯ ವಿಷಯದಲ್ಲಿ. 13ನೇ ತಾರೀಖು ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಎಂ.ವೈ. ಪಾಟೀಲರು ಗೆದ್ದಿದ್ದರು. ನಿತಿನ್ ಎರಡನೆಯ ಸ್ಥಾನ. ನಾನು ಮತ ಹಾಕಿದ ಅಧಿಕೃತ ಅಭ್ಯರ್ಥಿ ಮಾಲೀಕಯ್ಯ ಗುತ್ತೇದಾರ ಮೂರನೆಯ ಸ್ಥಾನ. ಮಾಲೀಕಯ್ಯ ಮತ್ತು ನಿತಿನ್ ಅಣ್ಣ ತಮ್ಮಂದಿರು ಎನ್ನುವುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳಿದೆ.

ಸಂಗತಿ ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಕಾರಣ ಇರುತ್ತಿರಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಲೋಕಸಭೆ ಚುನಾವಣೆ ಬಂತು. ನಿತಿನ್ ಅವರನ್ನು ಬಿಜೆಪಿಗೆ ಸೇರಿಸಿಕೊಂಡರು. ಅದನ್ನು ಒಪ್ಪದ ಮಾಲೀಕಯ್ಯ 2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸೇರಿದರು. ಅಂದರೆ ಪಕ್ಷನಿಷ್ಠೆ ಎಂದು ನಾನು ಯಾರಿಗೆ ಮತ ಕೊಟ್ಟೆನೋ ಅವರು ಈಗ ಎದುರಿನ ಪಕ್ಷದಲ್ಲಿದ್ದರು. ಪಕ್ಷದ್ರೋಹ ಎಂದು ನಾನು ಮಗನಿಗೆ ಬೈದೆನಲ್ಲ, ಆ ಮತ ಪಡೆದವರು ನಮ್ಮ ಪಕ್ಷದೊಳಗಿದ್ದರು. ಮಗ ಏನೂ ಅನ್ನಲಿಲ್ಲ. ಪೇಪರ್ ಮಡಚಿ ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಹೋದ.

ಆ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿದೆ. ಪಕ್ಷವನ್ನು ಒಪ್ಪುವ ಮತದಾರ, ಪಕ್ಷ ನಿಲ್ಲಿಸಿದ ವ್ಯಕ್ತಿಯನ್ನು ಒಪ್ಪದಿದ್ದಾಗ ಏನು ಮಾಡಬೇಕು? ನಮ್ಮ ಸಮಾಜದ ಎಷ್ಟೋ ಮನೆಗಳು ಹಳೆಯ ಜನಸಂಘದ ದೀಪದ ಗುರುತಿನ ಕಾಲದಿಂದ ಒಂದೇ ಕಡೆ ಇರುವಂಥವು. ವ್ಯಾಪಾರದವರು, ಗದ್ದಲ ಬೇಡದವರು, ಬದಲಾವಣೆಗೆ ಅವಸರ ಮಾಡದವರು. ಕಾಂಗ್ರೆಸ್ಸಿನಲ್ಲಿ ತಲೆತಲಾಂತರದಿಂದ ಇರುವ ಮನೆಗಳೂ ಇವೆ, ಅವರಿಗೂ ಈ ಇಕ್ಕಟ್ಟು ಬಂದೇ ಬರುತ್ತದೆ. ನಾನು ಬಲ್ಲದ್ದು ನನ್ನ ಕಡೆಯದು, ಹಾಗಾಗಿ ಅದನ್ನೇ ಹೇಳುತ್ತೇನೆ. ಯಾರಿಗೆ ಮತ ಹಾಕಬೇಕೆಂದು ಹೇಳುವ ಉದ್ದೇಶ ಇಲ್ಲ.

ಅಫಜಲಪುರದ ಲೆಕ್ಕ ಇನ್ನೂ ಸ್ವಲ್ಪ ಹಿಂದಿನಿಂದ ನೋಡಬೇಕು. 2013ರಲ್ಲಿ ಮಾಲೀಕಯ್ಯ ಕಾಂಗ್ರೆಸ್ಸಿನಿಂದ ಗೆದ್ದ ಶಾಸಕರು. 2018ರ ಚುನಾವಣೆಗೆ ಮುಂಚೆ ಬಿಜೆಪಿಗೆ ಬಂದರು, ಟಿಕೆಟ್ ಪಡೆದರು. ಅದುವರೆಗೆ ಬಿಜೆಪಿಯಲ್ಲಿದ್ದ ಎಂ.ವೈ. ಪಾಟೀಲರು ಕಾಂಗ್ರೆಸ್ಸಿಗೆ ಹೋದರು, ಆ ಪಕ್ಷದ ಟಿಕೆಟ್ ಪಡೆದು ಗೆದ್ದೂ ಬಿಟ್ಟರು. ಹೀಗಾಗಿ 2018ರಲ್ಲಿ ನಮ್ಮ ಕ್ಷೇತ್ರದ ನಿಷ್ಠಾವಂತ ಬಿಜೆಪಿ ಮತದಾರ ಐದು ವರ್ಷದ ಹಿಂದೆ ಯಾರನ್ನು ಸೋಲಿಸಲು ಓಡಾಡಿದ್ದನೋ ಅವರಿಗೇ ಮತ ಕೇಳುತ್ತ ಓಡಾಡಿದ. ನಿಷ್ಠಾವಂತ ಕಾಂಗ್ರೆಸ್ ಮತದಾರನ ಪಾಡೂ ಅದೇ. ತೂಕದ ಕಲ್ಲುಗಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬದಲಿಸಿದ ಹಾಗೆ. 2018ರಲ್ಲಿ ನಾನು ಕಮಲಕ್ಕೇ ಹಾಕಿದೆ. ಮನಸ್ಸಿಗೆ ಕಷ್ಟವಾಗಿತ್ತು, ಆದರೂ ಪಕ್ಷ ದೊಡ್ಡದು ಎಂದುಕೊಂಡೆ. 2023ರಲ್ಲೂ ಹಾಗೇ ಎಂದುಕೊಂಡೆ.

ಆಳಂದದಲ್ಲಿ ನನ್ನ ತಂಗಿಯ ಮನೆ. ಅಲ್ಲಿ ಹೆಸರುಗಳು ಎರಡೇ, ಪಕ್ಷಗಳು ಮಾತ್ರ ಬದಲಾಗುತ್ತವೆ. 2012ರ ಕೊನೆಗೆ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದರಲ್ಲ, 2013ರಲ್ಲಿ ಆ ಪಕ್ಷ ಇಡೀ ರಾಜ್ಯದಲ್ಲಿ ಗೆದ್ದದ್ದು ಆರು ಸ್ಥಾನ. ಅದರಲ್ಲಿ ಆಳಂದವೂ ಒಂದು, ಗೆದ್ದವರು ಬಿ.ಆರ್. ಪಾಟೀಲರು. ಆಗ ಬಿಜೆಪಿ ಮನಸ್ಸಿನ ಎಷ್ಟೋ ಮಂದಿ ಇದು ನಮ್ಮದೇ ಇನ್ನೊಂದು ಮನೆ ಎಂದು ಅವರಿಗೆ ಹಾಕಿದ್ದರು. 2018ರ ಹೊತ್ತಿಗೆ ಪಾಟೀಲರು ಕಾಂಗ್ರೆಸ್ ಅಭ್ಯರ್ಥಿ, ಹಿಂದೆ ಜೆಡಿಎಸ್‌ನಲ್ಲಿದ್ದ ಸುಭಾಷ್ ಗುತ್ತೇದಾರರು ಬಿಜೆಪಿ ಅಭ್ಯರ್ಥಿ. ಸುಭಾಷ್ ಗೆದ್ದರು, ಅಂತರ 697 ಮತ. 2023ರಲ್ಲಿ ಪಾಟೀಲರು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ತಿರುಗಿ ಗೆದ್ದರು.

ಈ 697 ಎನ್ನುವ ಅಂಕಿ ನಮ್ಮಂಥ ಸಣ್ಣ ಸಮಾಜದವರು ನೆನಪಿಡಬೇಕಾದದ್ದು. ನಮ್ಮದೇನು ವೋಟು, ಊರಿಗೆ ಹತ್ತು ಮನೆ ಇಪ್ಪತ್ತು ಮನೆ, ನಮ್ಮನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ನಾವೇ ಹೇಳಿಕೊಳ್ಳುತ್ತೇವೆ. ಒಂದು ತಾಲೂಕಿನ ಎಲ್ಲ ಊರುಗಳ ನಮ್ಮ ಮನೆಗಳು, ನಮ್ಮ ಅಂಗಡಿಯ ಹಮಾಲರು, ಗುಮಾಸ್ತರು, ನಾವು ಹೇಳಿದರೆ ಕೇಳುವ ನಾಲ್ಕು ಗಿರಾಕಿಗಳು, ಇಷ್ಟು ಕೂಡಿಸಿದರೆ 697 ದೊಡ್ಡ ಸಂಖ್ಯೆ ಅಲ್ಲ. ಆ ವರ್ಷ ಬಿಜೆಪಿ 104ಕ್ಕೆ ನಿಂತಿತು, ಬಹುಮತಕ್ಕೆ ಬೇಕಿದ್ದದ್ದು 113. ಒಂದೊಂದು ಸ್ಥಾನಕ್ಕೂ ಎಷ್ಟು ಎಳೆದಾಟ ನಡೆಯಿತು ಎಂದು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ಜೇವರ್ಗಿ ನನ್ನ ಹೆಂಡತಿಯ ತವರು. ಅದು ಧರ್ಮಸಿಂಗ್ ಅವರ ಕ್ಷೇತ್ರ. 1972ರಿಂದ ಸತತವಾಗಿ ಎಂಟು ಸಲ ಗೆದ್ದು, 2004ರಲ್ಲಿ ಮುಖ್ಯಮಂತ್ರಿಯೂ ಆದವರು. 2008ರಲ್ಲಿ ಅವರನ್ನು ಬಿಜೆಪಿಯ ದೊಡ್ಡಪ್ಪಗೌಡ ಪಾಟೀಲ ನರಿಬೋಳ ಸೋಲಿಸಿದರು, ನೂರು ಮತವೂ ಇಲ್ಲದ ಅಂತರದಲ್ಲಿ. ಅಂಥ ಗೆಲುವು ತಂದುಕೊಟ್ಟವರಿಗೆ 2023ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ, ಶಿವರಾಜ ಪಾಟೀಲ ರದ್ದೇವಾಡಗಿ ಅವರಿಗೆ ಕೊಟ್ಟಿತು. ನರಿಬೋಳ ಅವರು ಜೆಡಿಎಸ್‌ನಿಂದ ನಿಂತರು. ಫಲಿತಾಂಶ ಅಫಜಲಪುರದ ಪ್ರತಿಯೇ. ಕಾಂಗ್ರೆಸ್ಸಿನ ಅಜಯ್ ಸಿಂಗ್ ಗೆದ್ದರು, ಟಿಕೆಟ್ ತಪ್ಪಿದವರು ಎರಡನೆಯವರು, ಟಿಕೆಟ್ ಸಿಕ್ಕವರು ಮೂರನೆಯವರು. ನಾಲ್ಕೇ ತಿಂಗಳಲ್ಲಿ ಬಿಜೆಪಿಗೂ ಜೆಡಿಎಸ್‌ಗೂ ಮೈತ್ರಿ ಆಯಿತು. ನಮ್ಮ ಭಾವಮೈದುನ ಜೆಡಿಎಸ್‌ಗೆ ಮತ ಹಾಕಿ ಊರಲ್ಲಿ ತಲೆ ತಗ್ಗಿಸಿ ಓಡಾಡಿದ್ದ. ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ, "ನಾ ನಾಕ್ ತಿಂಗಳ ಮೊದಲ ಮೈತ್ರಿ ಮಾಡಿದ್ದೆ, ಅಷ್ಟ ತಪ್ಪು ನೋಡ್ರಿ ಮಾವ" ಎಂದ.

ನಗು ಬಂತು ನಿಜ. ಆದರೆ ಇಲ್ಲಿ ಒಂದು ತಪ್ಪು ತೀರ್ಮಾನಕ್ಕೆ ದಾರಿ ಇದೆ. ಎಲ್ಲರೂ ಪಕ್ಷ ಬದಲಿಸುವವರೇ, ಆದ್ದರಿಂದ ಪಕ್ಷಕ್ಕೆ ಅರ್ಥವಿಲ್ಲ, ಮನಸ್ಸಿಗೆ ಬಂದವರಿಗೆ ಹಾಕಿದರಾಯಿತು ಎನ್ನುವುದು ಆ ತೀರ್ಮಾನ. ಮಗ ಹೀಗೇ ವಾದಿಸುತ್ತಾನೆ. ನಾನು ಒಪ್ಪುವುದಿಲ್ಲ. ಗೆದ್ದ ಮೇಲೆ ಶಾಸಕ ಸದನದಲ್ಲಿ ಕೈ ಎತ್ತುವುದು ಪಕ್ಷದ ವಿಪ್ ಪ್ರಕಾರ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಅದನ್ನು ಮೀರಿದರೆ ಸ್ಥಾನ ಹೋಗುತ್ತದೆ. ಸರ್ಕಾರ ಯಾರದು, ತೆರಿಗೆ ಎಷ್ಟು, ಎಪಿಎಂಸಿ ಕಾಯ್ದೆ ಹೇಗಿರಬೇಕು, ತೊಗರಿ ಖರೀದಿ ಕೇಂದ್ರ ಯಾವಾಗ ತೆರೆಯಬೇಕು ಎಂಬುದೆಲ್ಲ ಪಕ್ಷದ ಮೇಲೆ ನಿಂತದ್ದು. ವ್ಯಕ್ತಿ ಎಷ್ಟೇ ಒಳ್ಳೆಯವನಾದರೂ ಆ ವಿಷಯಗಳಲ್ಲಿ ಒಬ್ಬನೇ ಏನೂ ಮಾಡಲಾರ. ಇನ್ನೊಂದು ಕಡೆ, ಭೀಮಾ ನದಿಯ ಹೊಳೆ ಬಂದು ಊರು ಮುಳುಗಿದ ರಾತ್ರಿ ಫೋನ್ ಎತ್ತುವವನು ವ್ಯಕ್ತಿ, ಪಕ್ಷ ಅಲ್ಲ. ಎರಡೂ ಬೇಕು, ಗುಂಡಿ ಒಂದೇ ಇದೆ.

ಈ ಇಕ್ಕಟ್ಟು ನಮ್ಮ ಮಟ್ಟದ್ದು ಮಾತ್ರ ಎಂದು ಬಹಳ ದಿನ ಅಂದುಕೊಂಡಿದ್ದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರೇ ಇದರಲ್ಲಿ ಸಿಕ್ಕಿಬೀಳುತ್ತಾರೆ. ಆ ಚುನಾವಣೆಗೆ ವಿಪ್ ಇಲ್ಲ, ಮತ ಗುಪ್ತ. ನಮ್ಮ ರಾಜ್ಯದ ಒಬ್ಬ ಶಾಸಕನ ಮತದ ಮೌಲ್ಯ 131. 2012ರ ಜುಲೈನಲ್ಲಿ ಪ್ರಣಬ್ ಮುಖರ್ಜಿ ಕಾಂಗ್ರೆಸ್ ಅಭ್ಯರ್ಥಿ, ಬಿಜೆಪಿ ಬೆಂಬಲಿಸಿದ್ದು ಪಿ.ಎ. ಸಂಗ್ಮಾ ಅವರನ್ನು. ಸಂಗ್ಮಾ ಬಿಜೆಪಿಯವರಲ್ಲ, ಹಳೆಯ ಕಾಂಗ್ರೆಸ್ಸಿಗರು. ಕರ್ನಾಟಕದಲ್ಲಿ ಆಗ ಇದ್ದದ್ದು ಬಿಜೆಪಿ ಸರ್ಕಾರ, ಮತದಾನಕ್ಕೆ ಒಂದು ವಾರ ಮೊದಲಷ್ಟೇ ಸದಾನಂದ ಗೌಡರನ್ನು ಇಳಿಸಿ ಜಗದೀಶ ಶೆಟ್ಟರರನ್ನು ಮುಖ್ಯಮಂತ್ರಿ ಮಾಡಿದ್ದರು. ಎಣಿಕೆ ಆದಾಗ ನಮ್ಮ ರಾಜ್ಯದಿಂದ ಪ್ರಣಬ್ ಅವರಿಗೆ 117 ಮತ, ಸಂಗ್ಮಾ ಅವರಿಗೆ 103. ಕಾಂಗ್ರೆಸ್, ಜೆಡಿಎಸ್ ಎರಡನ್ನೂ ಕೂಡಿಸಿದರೂ 117 ಶಾಸಕರು ಆಗುತ್ತಿರಲಿಲ್ಲ. ಬಿಜೆಪಿಯವರೇ ತಮ್ಮ ಪಕ್ಷ ಹೇಳಿದ ಅಭ್ಯರ್ಥಿಯನ್ನು ಬಿಟ್ಟಿದ್ದರು. ಯಾರು ಯಾರು ಎಂಬುದು ಇವತ್ತಿಗೂ ಗುಪ್ತವೇ.

ಆ ಅಡ್ಡಮತಕ್ಕೆ ಸಂಗ್ಮಾ ಕಾರಣವೋ, ಪಕ್ಷದೊಳಗಿನ ಜಗಳ ಕಾರಣವೋ? ನನ್ನ ಅಭಿಪ್ರಾಯದಲ್ಲಿ ಎರಡನೆಯದೇ. ಸಂಗ್ಮಾ ಅವರ ಮೇಲೆ ಸಿಟ್ಟಾಗಲು ನಮ್ಮ ಶಾಸಕರಿಗೆ ಅವರ ಪರಿಚಯವೇ ಇರಲಿಲ್ಲ. ಬೆಂಗಳೂರಿನ ಸಿಟ್ಟನ್ನು ದೆಹಲಿಯ ಚೀಟಿಯ ಮೇಲೆ ತೀರಿಸಿಕೊಂಡರು. ಐದೇ ತಿಂಗಳಲ್ಲಿ ಪಕ್ಷ ಒಡೆಯಿತು. 2013ರಲ್ಲಿ ಬಿಜೆಪಿ 40ಕ್ಕೆ ಇಳಿಯಿತು.

ಇದಕ್ಕಿಂತ ಹಳೆಯದು 1969ರದು, ಅದು ನಡೆದದ್ದೂ ಬೆಂಗಳೂರಿನಲ್ಲೇ. ಆ ಜುಲೈನಲ್ಲಿ ಅಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಎಂದು ಆರಿಸಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಇಂದಿರಾ ಗಾಂಧಿಯವರು ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿ, ಆಮೇಲೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಪಕ್ಷೇತರರಾಗಿ ನಿಂತ ವಿ.ವಿ. ಗಿರಿ ಗೆದ್ದರು, ನವೆಂಬರ್‌ನಲ್ಲಿ ಪಕ್ಷ ಎರಡಾಯಿತು. ಆಗ ನಮ್ಮ ಮುಖ್ಯಮಂತ್ರಿ ಇದೇ ಜಿಲ್ಲೆಯ ಚಿಂಚೋಳಿಯ ವೀರೇಂದ್ರ ಪಾಟೀಲರು, ಅವರು ನಿಜಲಿಂಗಪ್ಪನವರ ಜೊತೆ ನಿಂತರು. ನಾನು ಆಗ ಸಣ್ಣವನು. ಆದರೆ ನಮ್ಮ ತಂದೆಯವರು ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ತಕರಾರು ಒಂದೇ: ಆತ್ಮಸಾಕ್ಷಿ ಇದ್ದರೆ ಸಹಿ ಹಾಕುವ ಮೊದಲು ಇರಬೇಕಿತ್ತು. ಇಂದಿರಾ ಅವರ ಅಭಿಮಾನಿಗಳು ಇದಕ್ಕೆ ಬೇರೆ ಉತ್ತರ ಕೊಡುತ್ತಾರೆ, ಸಿಂಡಿಕೇಟ್ ಅವರನ್ನು ಕೇಳದೆ ಅಭ್ಯರ್ಥಿಯನ್ನು ಹೇರಿತು ಎನ್ನುತ್ತಾರೆ. ಅದರಲ್ಲೂ ಅರ್ಥ ಇದೆ. ಕೇಳದೆ ಹೇರಿದರೆ ಬಂಡಾಯ ಹುಟ್ಟುತ್ತದೆ ಎಂಬುದು ಅಫಜಲಪುರದಲ್ಲೂ ಕಂಡದ್ದೇ.

ದೂರದ ಅಮೆರಿಕದ ಮಾತೂ ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲಿ ಸಾಮಾನ್ಯ ಮತದಾರನ ಮುಂದೆಯೇ ಈ ಪ್ರಶ್ನೆ ಬರುತ್ತದೆ. 2016ರಲ್ಲಿ ರಿಪಬ್ಲಿಕನ್ ಪಕ್ಷ ಡೊನಾಲ್ಡ್ ಟ್ರಂಪ್ ಅವರನ್ನು ಅಧ್ಯಕ್ಷ ಅಭ್ಯರ್ಥಿ ಮಾಡಿದಾಗ ಆ ಪಕ್ಷದ ಹಳೆಯ ಸಂಪ್ರದಾಯಸ್ಥರಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಟೆಡ್ ಕ್ರೂಜ್ ಪಕ್ಷದ ಸಮಾವೇಶದಲ್ಲೇ ನಿಂತು ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಕೂಗು ತಿಂದರು, ಎರಡು ತಿಂಗಳ ಮೇಲೆ ಟ್ರಂಪ್‌ಗೇ ಹಾಕುತ್ತೇನೆ ಎಂದರು. ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅಧ್ಯಕ್ಷ ಸ್ಥಾನಕ್ಕೆ ಯಾರಿಗೂ ಹಾಕದೆ ಉಳಿದ ಸ್ಥಾನಗಳಿಗೆ ತಮ್ಮ ಪಕ್ಷದವರಿಗೆ ಹಾಕಿದರೆಂದು ಅವರ ವಕ್ತಾರರು ಹೇಳಿದರು. ಅಲ್ಲಿ ಒಂದೇ ಚೀಟಿಯಲ್ಲಿ ಹಲವು ಹುದ್ದೆಗಳಿಗೆ ಮತ ಇರುವುದರಿಂದ ಬುಷ್ ಅವರಿಗೆ ಈ ಅನುಕೂಲ ಸಿಕ್ಕಿತು. ಮುಖ್ಯವಾದ ವ್ಯತ್ಯಾಸ ಬೇರೆ ಇದೆ. ಅಲ್ಲಿ ಅಭ್ಯರ್ಥಿ ಯಾರು ಎಂಬುದನ್ನು ತಿಂಗಳುಗಟ್ಟಲೆ ಪಕ್ಷದ ಮತದಾರರೇ ಮತ ಹಾಕಿ ತೀರ್ಮಾನಿಸುತ್ತಾರೆ. ಸೋತವನು ಗೊಣಗಿದರೂ ತನ್ನನ್ನು ಕೇಳಲೇ ಇಲ್ಲ ಎನ್ನಲಾರ. ನಮ್ಮಲ್ಲಿ ಪಟ್ಟಿ ದೆಹಲಿಯಿಂದ ರಾತ್ರಿ ಬರುತ್ತದೆ, ಬೆಳಿಗ್ಗೆ ಚಹಾದ ಜೊತೆ ನಾವು ಓದುತ್ತೇವೆ.

ನೋಟಾ ವಿಷಯ. ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್‌ನಲ್ಲಿ ಹೇಳಿದ ಮೇಲೆ ಯಂತ್ರದಲ್ಲಿ ಆ ಗುಂಡಿ ಬಂತು. ನಮ್ಮ ಸಮಾಜದ ತರುಣರು ಇದನ್ನು ಬಹಳ ಸ್ವಚ್ಛವಾದ ದಾರಿ ಎಂದುಕೊಂಡಿದ್ದಾರೆ. ನೋಟಾಗೆ ಎಷ್ಟೇ ಮತ ಬಂದರೂ ಉಳಿದವರಲ್ಲಿ ಹೆಚ್ಚು ಪಡೆದವರು ಗೆದ್ದೇ ಗೆಲ್ಲುತ್ತಾರೆ. ಆಳಂದದಂತೆ 697ರಲ್ಲಿ ತೀರ್ಮಾನವಾಗುವ ಕಡೆ ನೋಟಾ ಒತ್ತಿದವನು ತನಗೆ ಗೊತ್ತಿಲ್ಲದೆ ಯಾರಿಗೋ ಒಬ್ಬರಿಗೆ ಅರ್ಧ ಮತ ಕೊಟ್ಟಿರುತ್ತಾನೆ. ಮನೆಯಲ್ಲೇ ಕೂತವನದೂ ಅದೇ ಲೆಕ್ಕ. ಇಬ್ಬರೂ ಅಭ್ಯರ್ಥಿಗಳು ನಿಜವಾಗಿ ಸಮಾನವಾಗಿ ಬೇಡವಾಗಿದ್ದರೆ ಮಾತ್ರ ನೋಟಾ ಸರಿ. ಹಾಗೆ ಆಗುವುದು ಅಪರೂಪ.

ನಾನು ಬಂದು ನಿಂತಿರುವ ತೀರ್ಮಾನ ಹೀಗಿದೆ. ಅಭ್ಯರ್ಥಿಯನ್ನು ಒಪ್ಪದಿದ್ದಾಗ ಮೊದಲು ನೋಡಬೇಕಾದದ್ದು ನನ್ನ ಆಕ್ಷೇಪ ವ್ಯಕ್ತಿಯ ನಡತೆಯ ಮೇಲೋ, ಅವನನ್ನು ಆರಿಸಿದ ರೀತಿಯ ಮೇಲೋ ಎಂಬುದು. ನಡತೆಯ ಮೇಲೆ ಗಟ್ಟಿ ಆಕ್ಷೇಪ ಇದ್ದರೆ, ಉದಾಹರಣೆಗೆ ಗಂಭೀರ ಅಪರಾಧ, ಹಣದ ಅವ್ಯವಹಾರ, ಜನರನ್ನು ಹೆದರಿಸುವ ಗುಣ, ಆಗ ಚಿಹ್ನೆ ನೋಡಬೇಕಾಗಿಲ್ಲ. ನಮ್ಮ ಪಕ್ಷಕ್ಕೆ ಒಂದು ಸ್ಥಾನ ಹೋದರೆ ಹೋಗಲಿ. ಅಭ್ಯರ್ಥಿಗಳ ಪ್ರಮಾಣಪತ್ರ, ಅದರಲ್ಲಿ ಆಸ್ತಿ, ಸಾಲ, ಪ್ರಕರಣಗಳ ವಿವರ, ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಅಂಗಡಿಗೆ ಹೊಸ ಗಿರಾಕಿ ಉದ್ರಿ ಕೇಳಿದರೆ ನಾಲ್ಕು ಕಡೆ ವಿಚಾರಿಸುತ್ತೇವೆ, ಐದು ವರ್ಷ ಕ್ಷೇತ್ರ ಕೊಡುವವನ ಎರಡು ಪುಟ ಓದುವುದಿಲ್ಲ.

ಆಕ್ಷೇಪ ಆರಿಸಿದ ರೀತಿಯ ಮೇಲೆ ಇದ್ದರೆ, ನಮ್ಮವನಿಗೆ ಕೊಡಲಿಲ್ಲ, ಹೊರಗಿನಿಂದ ಬಂದವನಿಗೆ ಕೊಟ್ಟರು, ಹಳಬರನ್ನು ಕೇಳಲಿಲ್ಲ ಎಂಬಂಥದ್ದು, ಆಗ ಮತದಾನದ ದಿನ ಆ ಸಿಟ್ಟು ತೀರಿಸುವುದು ತಡವಾದ ಕೆಲಸ ಎನಿಸುತ್ತದೆ. ಅದು ಸಂಗ್ಮಾ ಅವರ ಮೇಲೆ ತೀರಿಸಿದ ಸಿಟ್ಟಿನಂತೆ. ನನ್ನ ಮಗ ನಿತಿನ್ ಅವರಿಗೆ ಹಾಕಿದ್ದಕ್ಕೂ, ಭಾವಮೈದುನ ನರಿಬೋಳ ಅವರಿಗೆ ಹಾಕಿದ್ದಕ್ಕೂ ಕಾರಣ ಇದೇ ಬಗೆಯದು. ಇದರ ಎದುರು ವಾದವನ್ನೂ ಹೇಳಬೇಕು. ಆ ಎರಡೂ ಕ್ಷೇತ್ರಗಳಲ್ಲಿ ಅಧಿಕೃತ ಅಭ್ಯರ್ಥಿ ಮೂರನೆಯವರಾದ್ದರಿಂದಲೇ ಪಕ್ಷಕ್ಕೆ ಬುದ್ಧಿ ಬಂತು, ನಾವು ಚಿಹ್ನೆಗೇ ಹಾಕುತ್ತ ಹೋದರೆ ಅವರು ಯಾರನ್ನು ಬೇಕಾದರೂ ನಿಲ್ಲಿಸುತ್ತಾರೆ ಎಂದು ಮಗ ಹೇಳುತ್ತಾನೆ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಹುಬ್ಬಳ್ಳಿಯಲ್ಲಿ 2023ರಲ್ಲಿ ಇದೇ ಜಗದೀಶ ಶೆಟ್ಟರ ಟಿಕೆಟ್ ಸಿಗದೆ ಕಾಂಗ್ರೆಸ್ಸಿಗೆ ಹೋದಾಗ ಅಲ್ಲಿನ ಬಿಜೆಪಿ ಮತದಾರ ಅವರ ಹಿಂದೆ ಹೋಗಲಿಲ್ಲ, ಚಿಹ್ನೆಯ ಜೊತೆ ನಿಂತು ಅವರನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ. ಅಥಣಿಯಲ್ಲಿ ಲಕ್ಷ್ಮಣ ಸವದಿ ಹಾಗೇ ಹೋದರು, ಮತದಾರ ಅವರ ಹಿಂದೆ ಹೋಗಿ ಗೆಲ್ಲಿಸಿದ. ಶೆಟ್ಟರ 2024ರ ಜನವರಿಯಲ್ಲಿ ವಾಪಸ್ ಬಂದು ಬೆಳಗಾವಿಯ ಸಂಸದರೂ ಆದರು. ಎರಡು ಕಡೆಯ ಮತದಾರರಲ್ಲಿ ಯಾರು ಜಾಣರು ಎಂದು ನನಗೆ ಹೇಳಲಾಗದು.

ಆದರೆ ಒಂದು ವಿಷಯದಲ್ಲಿ ತಪ್ಪು ನಮ್ಮದೇ ಎಂದು ಖಂಡಿತ ಹೇಳುತ್ತೇನೆ. ಟಿಕೆಟ್ ಹಂಚುವ ಮೊದಲಿನ ಆರು ತಿಂಗಳು ನಾವು ಎಲ್ಲಿರುತ್ತೇವೆ? ನಾನು ನಲವತ್ತು ವರ್ಷದಿಂದ ಒಂದೇ ಪಕ್ಷಕ್ಕೆ ಮತ ಹಾಕುತ್ತ ಬಂದರೂ ಅದರ ತಾಲೂಕು ಸಭೆಗೆ ಒಮ್ಮೆಯೂ ಹೋಗಿಲ್ಲ. ವರ್ಷವಿಡೀ ಅಂಗಡಿ, ಸುಗ್ಗಿಯಲ್ಲಿ ತೊಗರಿ, ಉಳಿದ ಸಮಯ ಬಸದಿಯ ಕೆಲಸ, ವಿದ್ಯಾರ್ಥಿಗಳ ಊಟದ ವ್ಯವಸ್ಥೆ. ಚಂದಾ ಕೇಳಲು ಬಂದವರಿಗೆ ಎಲ್ಲ ಪಕ್ಷದವರಿಗೂ ಇಷ್ಟಿಷ್ಟು ಎಂದು ಕೊಟ್ಟು ಕೈ ಮುಗಿಯುತ್ತೇವೆ, ಯಾರ ಹಗೆಯೂ ಬೇಡ ಎಂದು. ಅಭಿಪ್ರಾಯ ಕೇಳಿದರೆ "ನಮ್ಮದೇನದರಿ, ನೀವು ಹೇಳಿದಂಗ" ಎನ್ನುತ್ತೇವೆ. ಹೀಗೆ ಹೇಳಿದವನನ್ನು ಟಿಕೆಟ್ ಕೊಡುವಾಗ ಯಾರಾದರೂ ಯಾಕೆ ಕೇಳಬೇಕು? 2022ರಲ್ಲೇ ನಮ್ಮ ಬಜಾರದ ಐವತ್ತು ಜನ ಹೋಗಿ, ಅಣ್ಣತಮ್ಮಂದಿರನ್ನು ಕೂಡಿಸಿ ಮಾತಾಡಿ, ಇಲ್ಲದಿದ್ದರೆ ಎರಡೂ ಹೋಗುತ್ತದೆ ಎಂದು ಜಿಲ್ಲಾ ಮುಖಂಡರಿಗೆ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ಹೇಳಿದ ಸಮಾಧಾನವಾದರೂ ಇರುತ್ತಿತ್ತು. ಮಾಲೀಕಯ್ಯ ಅವರಿಗೆ ಬಂದ 31 ಸಾವಿರದಷ್ಟು ಮತ, ನಿತಿನ್ ಅವರಿಗೆ ಬಂದ 51 ಸಾವಿರಕ್ಕೂ ಹೆಚ್ಚು ಮತ ಕೂಡಿಸಿ ನೋಡಿ. ಗೆದ್ದವರಿಗೆ ಬಂದದ್ದು 56 ಸಾವಿರ ಚಿಲ್ಲರೆ. ಎರಡೂ ಕಡೆಯ ಮತ ಪೂರ್ತಿ ಒಂದೇ ಕಡೆ ಬೀಳುತ್ತಿತ್ತು ಎಂದು ನಾನು ಹೇಳುವುದಿಲ್ಲ, ಹಾಗೆ ಎಂದೂ ಬೀಳುವುದಿಲ್ಲ.

ಇಲ್ಲಿ ಸಮಾಜದ ವಿಷಯ ಒಂದು. 2023ರಲ್ಲಿ ನಮ್ಮ ಕೆಲವು ಹಿರಿಯರು, ಇಷ್ಟೆಲ್ಲ ಗೊಂದಲ ಏಕೆ, ಸಮಾಜದ ಸಭೆ ಕರೆದು ಒಬ್ಬರಿಗೆ ಎಂದು ತೀರ್ಮಾನ ಮಾಡಿಬಿಡೋಣ ಎಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟಾಚಾರ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನೂ ಬಿಗಿ ಮಾಡಿತು. ಕಾಯ್ದೆ ಒತ್ತಟ್ಟಿಗಿರಲಿ. ಬಸದಿಯಲ್ಲಿ ಕೂತು ಒಬ್ಬ ಅಭ್ಯರ್ಥಿಗೆ ಮಾತು ಕೊಟ್ಟರೆ ಅಭಿಪ್ರಾಯ ಬೇರೆ ಇರುವ ಮನೆಯವರು ನಾಳೆ ಅಭಿಷೇಕಕ್ಕೆ ಬರಲು ಹಿಂಜರಿಯುತ್ತಾರೆ. ನಮ್ಮ ಮನೆಯಲ್ಲೇ ಎರಡು ದಿನ ಮಾತು ನಿಂತಿತ್ತು ಎಂದೆನಲ್ಲ. ಮತ ಮನೆಮನೆಯದಾಗಿ ಇರಲಿ. ಸಭೆ ಕರೆಯುವುದಾದರೆ ಟಿಕೆಟ್ ಹಂಚುವ ಮೊದಲು ಬಜಾರದವರೆಲ್ಲ ಸೇರಿ ಕರೆಯೋಣ, ಎಲ್ಲ ಸಮಾಜದವರನ್ನೂ ಕರೆಯೋಣ, ಎಲ್ಲ ಪಕ್ಷದವರಿಗೂ ಒಂದೇ ಪ್ರಶ್ನೆ ಕೇಳೋಣ.

ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಅದಕ್ಕೂ ಮೊದಲು 2027ರ ಜುಲೈನಲ್ಲಿ ದ್ರೌಪದಿ ಮುರ್ಮು ಅವರ ಅವಧಿ ಮುಗಿಯುತ್ತದೆ, ನಮ್ಮ ಶಾಸಕರಿಗೆ ಮತ್ತೊಮ್ಮೆ ವಿಪ್ ಇಲ್ಲದ ಮತ ಸಿಗುತ್ತದೆ. ಅಫಜಲಪುರದಲ್ಲಿ ಕಮಲದ ಗುರುತಿಗೆ ಯಾರು ನಿಲ್ಲುತ್ತಾರೆ, ಕೈ ಗುರುತಿಗೆ ಯಾರು ನಿಲ್ಲುತ್ತಾರೆ ಎಂದು ಇವತ್ತು ಯಾರೂ ಹೇಳಲಾರರು. ಅದೇ ಮೂರು ಹೆಸರುಗಳು ಬೇರೆ ಬೇರೆ ಜಾಗದಲ್ಲಿ ಬಂದರೂ ಬರಬಹುದು. ಮೊನ್ನೆ ಮಗ ಊರಿಗೆ ಬಂದಾಗ ಇಬ್ಬರೂ ಕೂತು ಪಕ್ಷದ ತಾಲೂಕು ಅಧ್ಯಕ್ಷರಿಗೆ ಒಂದು ಪತ್ರ ಬರೆದೆವು, ಟಿಕೆಟ್ ವಿಷಯದಲ್ಲಿ ಬೂತ್ ಮಟ್ಟದವರನ್ನು ಕರೆದು ಕೇಳಿ ಎಂದು. ಬರೆಯುವಾಗ ಎರಡು ಸಲ ಜಗಳವಾಯಿತು, ಒಂದು ವಾಕ್ಯ ಅವನ ಹಟಕ್ಕೆ ಉಳಿಯಿತು, ಒಂದು ನನ್ನ ಹಟಕ್ಕೆ ಹೋಯಿತು. ಸೋಮವಾರ ಸಂತೆಯ ಗದ್ದಲ ಮುಗಿದ ಮೇಲೆ ನಾನೇ ಹೋಗಿ ಕೊಟ್ಟು ಬರುವವನಿದ್ದೇನೆ.